ವರ್ಕ್‌ಶಾಪ್ ಮಾಲೀಕ, ಎರಡು ಒಲಿಂಪಿಕ್ ಚಿನ್ನ: ಗುರಿಕಾರ ಮಾಲ್ಕಂ ಕೂಪರ್ ನೆನಪು

ಕಲಬುರಗಿ: ಶರಣಬಸವೇಶ್ವರ ಜಾತ್ರೆಗೆ ಹೋದವರಿಗೆಲ್ಲ ಬಲೂನ್ ಹೊಡೆಯೋ ಅಂಗಡಿ ಗೊತ್ತೇ ಇರ್ತದೆ. ಹಲಗೆ ಮೇಲೆ ಸಾಲಾಗಿ ಬಲೂನ್ ಕಟ್ಟಿರ್ತಾರೆ. ನಾಲ್ಕು ಹೆಜ್ಜೆ ಹಿಂದೆ ನಿಂತು ಏರ್‌ಗನ್‌ನಿಂದ ಹೊಡೀಬೇಕು. ಅಷ್ಟು ಹತ್ತಿರದಿಂದಲೂ ನಮ್ಮ ಗುರಿ ತಪ್ತದೆ. ಈಗ ಲೆಕ್ಕ ಹಾಕ್ರಿ: ಗುರಿ ಇರೋದು 50 ಮೀಟರ್ ದೂರ. ಇವತ್ತಿನ ನಿಯಮದ ಪ್ರಕಾರ ನಡುವಿನ ಹತ್ತು ಅಂಕದ ಚುಕ್ಕೆಯ ಅಗಲ ಬರೀ 10.4 ಮಿಲಿಮೀಟರ್, ಹೆಚ್ಚುಕಮ್ಮಿ ಒಂದು ರೂಪಾಯಿ ನಾಣ್ಯದ ಅರ್ಧ. ಇದೇ ಆಟದಲ್ಲಿ ಎರಡು ಒಲಿಂಪಿಕ್‌ಗಳಲ್ಲಿ ಒಂದಾದ ಮೇಲೊಂದು ಚಿನ್ನ ಗೆದ್ದವರು ಇಂಗ್ಲೆಂಡಿನ ಮಾಲ್ಕಂ ಕೂಪರ್. ಅವರು ಒಂದು ಸಣ್ಣ ಕಂಪನಿಯ ಮಾಲೀಕರೂ ಆಗಿದ್ದರು.

ಈ ಆಟ ನಮಗೆ ದೂರದ್ದೇನಲ್ಲ. 2024ರ ಆಗಸ್ಟ್ 1ರಂದು ಪ್ಯಾರಿಸ್‌ನಲ್ಲಿ ನಮ್ಮ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಇದೇ 50 ಮೀಟರ್ ರೈಫಲ್ ತ್ರೀ ಪೊಸಿಷನ್ ಸ್ಪರ್ಧೆಯಲ್ಲಿ. ಕೊಲ್ಹಾಪುರ ಜಿಲ್ಲೆಯ ಆ ಹುಡುಗ ಸೆಂಟ್ರಲ್ ರೈಲ್ವೆಯಲ್ಲಿ ಟಿಕೆಟ್ ಕಲೆಕ್ಟರ್ ಆಗಿದ್ದವರು. ನಮ್ಮ ಕಲಬುರಗಿ ಸ್ಟೇಷನ್ ಕೂಡ ಸೆಂಟ್ರಲ್ ರೈಲ್ವೆಗೇ ಸೇರಿದ್ದು.

ಶಾಲೆಯಲ್ಲಿ ಹತ್ತಿದ ಹುಚ್ಚು

ಕೂಪರ್ ಹುಟ್ಟಿದ್ದು 1947ರ ಡಿಸೆಂಬರ್ 20ರಂದು, ಇಂಗ್ಲೆಂಡಿನ ಕ್ಯಾಂಬರ್ಲಿಯಲ್ಲಿ. ತಂದೆ ನೌಕಾಪಡೆಯಲ್ಲಿದ್ದರು. ಅವರ ನೌಕರಿ ಕಾರಣಕ್ಕೆ ಕುಟುಂಬ ನ್ಯೂಜಿಲೆಂಡ್‌ಗೆ ಹೋಯಿತು. ಅಲ್ಲಿ ಆಕ್ಲೆಂಡ್‌ನ ಶಾಲೆಯಲ್ಲಿ ಓದುವಾಗ ಹುಡುಗನ ಕೈಗೆ ಮೊದಲ ಸಲ ರೈಫಲ್ ಬಂತು. ಆ ಹುಚ್ಚು ಕೊನೇವರೆಗೂ ಬಿಡಲಿಲ್ಲ.

ತ್ರೀ ಪೊಸಿಷನ್ ಅಂದ್ರೆ ಮೂರು ಭಂಗಿ: ಬೋರಲು ಮಲಗಿ, ನಿಂತು, ಮೊಣಕಾಲೂರಿ. ಅವರ ಕಾಲದಲ್ಲಿ ಒಂದೊಂದು ಭಂಗಿಯಲ್ಲೂ 40 ಗುಂಡು, ಒಟ್ಟು 120. ಪೂರ್ತಿ ಅಂಕ 1200. ಮಲಗಿ ಹೊಡೆಯೋದು ಸ್ವಲ್ಪ ಸುಲಭ, ನೆಲದ ಆಸರೆ ಇರ್ತದೆ. ನಿಂತು ಹೊಡೆಯುವಾಗ ಉಸಿರು, ಎದೆಬಡಿತ ಎಲ್ಲವೂ ಬಂದೂಕಿನ ತುದಿಯಲ್ಲಿ ಕಾಣ್ತದೆ. ಗೆಲ್ಲೋದೂ ಸೋಲೋದೂ ಹೆಚ್ಚಾಗಿ ಅಲ್ಲಿಯೇ.

1984ರ ಲಾಸ್ ಏಂಜಲೀಸ್ ಒಲಿಂಪಿಕ್‌ನಲ್ಲಿ ಕೂಪರ್ 1173 ಅಂಕ ಗಳಿಸಿ, ಆಗಿನ ವಿಶ್ವದಾಖಲೆಯನ್ನು ಸರಿಗಟ್ಟಿ ಚಿನ್ನ ಗೆದ್ದರು. ಎರಡನೇ ಸ್ಥಾನದವರಿಗೂ ಅವರಿಗೂ 10 ಅಂಕದ ಅಂತರ.

ಬೇಕಾದ್ದು ಸಿಗದಿದ್ದಾಗ ತಾನೇ ಮಾಡಿದರು

ವ್ಯಾಪಾರಸ್ಥರು ಗಮನಿಸಬೇಕಾದ್ದು ಅವರ ಜೀವನದ ಇನ್ನೊಂದು ಮಗ್ಗಲು. ಒಲಿಂಪಿಕ್ ಚಿನ್ನಕ್ಕಿಂತ ಆರು ವರ್ಷ ಮೊದಲೇ, 1978ರಲ್ಲಿ, ಹೆಂಡತಿ ಸಾರಾ ಹಾಗೂ ಡೇವ್ ವಾಲ್ಸ್, ಡೇವ್ ಕೇಗ್ ಎಂಬ ಇಬ್ಬರು ಜೊತೆಗಾರರ ಸಂಗಡ ಆಕ್ಯುರಸಿ ಇಂಟರ್‌ನ್ಯಾಷನಲ್ ಎಂಬ ಕಂಪನಿ ಶುರು ಮಾಡಿದರು. ಪೋರ್ಟ್ಸ್‌ಮೌತ್ ಬಂದರು ಊರಿನಲ್ಲಿ ಅದರ ಕೆಲಸ. ಸಾರಾ ಅವರೂ ಬ್ರಿಟನ್ ಪರ ಒಲಿಂಪಿಕ್‌ನಲ್ಲಿ ಆಡಿದ ಗುರಿಕಾರ್ತಿ. ಹೀಗಾಗಿ ಮನೆಯಲ್ಲಿ ಮಾತು ಒಂದೇ, ಧಂದೆಯೂ ಒಂದೇ.

ದೊಡ್ಡ ಬಂಡವಾಳಗಾರರು ಹಾಕಿದ ಕಾರ್ಖಾನೆ ಅದಲ್ಲ. ಗುಂಡು ಗುರಿಗೆ ಯಾಕೆ ಬೀಳಲಿಲ್ಲ ಅನ್ನೋದನ್ನು ಸ್ವಂತ ಭುಜದ ಮೇಲೆ ಅನುಭವಿಸಿದವರು ಕೂತು ಮಾಡಿದ ವಸ್ತು. ಗಿರಾಕಿಗೆ ಏನು ಬೇಕು ಅಂತ ಅವರು ಯಾರನ್ನೂ ಕೇಳಬೇಕಾಗಿರಲಿಲ್ಲ, ಮೊದಲ ಗಿರಾಕಿ ತಾವೇ ಆಗಿದ್ದರು. 1980ರ ದಶಕದಲ್ಲಿ ಬ್ರಿಟಿಷ್ ಸೇನೆ ಹೊಸ ಸ್ನೈಪರ್ ರೈಫಲ್ ಹುಡುಕುತ್ತಿದ್ದಾಗ ಹೆಸರುವಾಸಿ ಕಂಪನಿಗಳನ್ನು ಹಿಂದೆ ಹಾಕಿ ಆರ್ಡರ್ ಹಿಡಿದದ್ದು ಈ ಸಣ್ಣ ಕಂಪನಿ. ಸೇನೆ ಅದಕ್ಕೆ ಇಟ್ಟ ಹೆಸರು ಎಲ್96. ಮುಂದೆ ಸ್ವೀಡನ್ ಸೇರಿ ಬೇರೆ ದೇಶದ ಸೇನೆಗಳೂ ಇವರ ಬಂದೂಕು ಕೊಂಡವು.

ಇಲ್ಲಿ ಒಂದು ಮಾತು ಮುಚ್ಚಿಡಬಾರದು. ಆಟದ ರೈಫಲ್ ಕಾಗದ ತೂತು ಮಾಡ್ತದೆ, ಸೇನೆಯ ರೈಫಲ್ ಮನುಷ್ಯರ ಜೀವ ತೆಗೀತದೆ. ಕೂಪರ್ ಅವರ ಒಂದೇ ಜಾಣತನ ಎರಡೂ ಕಡೆ ಕೆಲಸ ಮಾಡಿತು. ಅದು ಸರಿಯೋ ತಪ್ಪೋ ಎಂಬುದರಲ್ಲಿ ಓದುಗರಿಗೆ ಅವರವರ ಅಭಿಪ್ರಾಯ ಇರಬಹುದು. ಆದ್ರೆ ಅವರ ಜೀವನ ಬರೆಯುವಾಗ ಪದಕವನ್ನಷ್ಟೇ ಬರೆದು ಇದನ್ನು ಬಿಟ್ಟರೆ ಅರ್ಧ ಕಥೆ ಹೇಳಿದಂಗಾಗ್ತದೆ.

ಸೋಲ್‌ನಲ್ಲಿ ಬಂದೂಕಿಗೇ ಪೆಟ್ಟು

1988ರ ಸೋಲ್ ಒಲಿಂಪಿಕ್. ಸ್ಪರ್ಧೆ ಹತ್ತಿರ ಬಂದಾಗ ಕೂಪರ್ ಅವರ ರೈಫಲ್ ಬಿದ್ದು ಹಾನಿಯಾಯಿತು. ವರ್ಷಗಟ್ಟಲೆ ಕೆನ್ನೆಗೆ, ಭುಜಕ್ಕೆ ಹೊಂದಿಸಿಕೊಂಡ ರೈಫಲ್ ಅದು. ಬೇರೆಯವರದ್ದು ಎರವಲು ತಂದು ಹೊಡೆಯಲು ಆಗೋದಿಲ್ಲ. ಕೂದಲೆಳೆಯಷ್ಟು ಸರಿದರೂ 50 ಮೀಟರ್ ದೂರದಲ್ಲಿ ಅಂಕ ಹೋಯ್ತು ಅಂತಲೇ ಲೆಕ್ಕ. ಕೊನೆಗೆ ಅದನ್ನೇ ದುರಸ್ತಿ ಮಾಡಿಕೊಂಡು ಕಣಕ್ಕಿಳಿದರು.

ಅದೇ ಒಲಿಂಪಿಕ್‌ನಲ್ಲಿ ಮೊದಲ ಸಲ ಹತ್ತು ಗುಂಡಿನ ಫೈನಲ್ ಸುತ್ತು ಬಂದಿತ್ತು. ಅದಕ್ಕೂ ಮುಂಚಿನ ಸುತ್ತಿನಲ್ಲಿ ಮುಂದಿದ್ದವರು ಅವರದೇ ತಂಡದ ಸ್ಕಾಟ್ಲೆಂಡ್‌ನ ಅಲಿಸ್ಟರ್ ಅಲನ್. ಫೈನಲ್‌ನಲ್ಲಿ ಕೂಪರ್ ಹಿಂದಿಕ್ಕಿದರು. ಕೊನೆಯ ಲೆಕ್ಕ: ಕೂಪರ್ 1279.3, ಅಲನ್ 1275.6. ಚಿನ್ನವೂ ಬೆಳ್ಳಿಯೂ ಬ್ರಿಟನ್‌ಗೇ. ಈ ಸ್ಪರ್ಧೆಯಲ್ಲಿ ಗೆದ್ದ ಒಲಿಂಪಿಕ್ ಚಿನ್ನವನ್ನು ಮುಂದಿನ ಸಲವೂ ಉಳಿಸಿಕೊಂಡ ಮೊದಲಿಗರು ಕೂಪರ್.

ಮಾಲೀಕ ಹೋದ ಮೇಲೆ

2001ರ ಜೂನ್ 9ರಂದು ಕ್ಯಾನ್ಸರ್‌ನಿಂದ ಕೂಪರ್ ತೀರಿಕೊಂಡರು. ಆಗ ಅವರಿಗೆ ಬರೀ 53 ವರ್ಷ. ಕಂಪನಿಗೂ ಕೆಟ್ಟ ಕಾಲ ಬಂತು. 2005ರಲ್ಲಿ ಅದು ಹಣಕಾಸಿನ ತೊಂದರೆಯಲ್ಲಿ ಮುಳುಗಿತು. ಮೊದಲಿನಿಂದ ರೈಫಲ್ ವಿನ್ಯಾಸ ಮಾಡುತ್ತಿದ್ದ ಹಳೆಯ ಜೊತೆಗಾರರು ಬೇರೆಯವರೊಂದಿಗೆ ಸೇರಿ ಅದನ್ನು ಮರಳಿ ಕೊಂಡರು. ಕಂಪನಿ ಇವತ್ತಿಗೂ ಪೋರ್ಟ್ಸ್‌ಮೌತ್‌ನಲ್ಲಿ ನಡೀತಿದೆ.

ಮೋಮಿನಪುರದ ಗಲ್ಲಿಯಲ್ಲಿ ರಿಪೇರಿ ಅಂಗಡಿ ಇಟ್ಟವರಿಗೆ, ಕಮಲಾಪುರದ ರಸ್ತೆ ಬದಿ ಕೆಂಪು ಬಾಳೆಹಣ್ಣು ಮಾರುವವರಿಗೆ ಇದು ಅರ್ಥ ಆಗ್ತದೆ. ಮಾಲೀಕನ ಹೆಸರಿನ ಮೇಲೆ ಅಂಗಡಿ ಶುರುವಾಗ್ತದೆ. ಆತ ಹೋದ ಮೇಲೆ ಅದು ಉಳಿಯೋದು ಪಕ್ಕದಲ್ಲಿ ಕೂತು ಕೆಲಸ ಕಲಿತವರು ಇದ್ದರೆ ಮಾತ್ರ. ಕೂಪರ್ ಎರಡು ಚಿನ್ನದ ಜೊತೆಗೆ ಅಂಥವರನ್ನೂ ಬಿಟ್ಟು ಹೋಗಿದ್ದರು.