ಮುದ್ದಣನ ದೇಹ ತೆತ್ತ ಬೆಲೆ

ಕಾರ್ಕಳ ಸಮೀಪದ ನಂದಳಿಕೆಯಲ್ಲಿ 1870ರಲ್ಲಿ ಜನಿಸಿದ ಲಕ್ಷ್ಮೀನಾರಣಪ್ಪನವರೇ ಕನ್ನಡಿಗರ ಪ್ರೀತಿಯ ಮುದ್ದಣ. ಬಡತನದಿಂದ ಅವರ ವಿದ್ಯಾಭ್ಯಾಸ ಮೊಟಕಾಯಿತು. ಉಡುಪಿ, ಕುಂದಾಪುರಗಳಲ್ಲಿ ವ್ಯಾಯಾಮ ಶಿಕ್ಷಕರಾಗಿ ದುಡಿಯುತ್ತ, ಅಲ್ಪ ವೇತನದಲ್ಲಿ ಸಂಸಾರ ತೂಗಿಸುತ್ತ, ಬಿಡುವಿನಲ್ಲಿ ಹಳಗನ್ನಡದ ಕಾವ್ಯ ರಚಿಸಿದರು. 'ಅದ್ಭುತ ರಾಮಾಯಣ', 'ಶ್ರೀರಾಮಾಶ್ವಮೇಧ'ಗಳಲ್ಲಿ ಸ್ವಂತ ಹೆಸರನ್ನು ಮರೆಮಾಡಿದ್ದರಿಂದ ಬದುಕಿದ್ದಾಗ ಕೀರ್ತಿಯೂ ದಕ್ಕಲಿಲ್ಲ. ಇತರರ ಮೈಕಟ್ಟು ಬೆಳೆಸಿದ ಅವರು 1901ರಲ್ಲಿ, 31ನೇ ವಯಸ್ಸಿನಲ್ಲಿ, ಕ್ಷಯಕ್ಕೆ ಬಲಿಯಾದರು.

ಕ್ಷಯದ ರೋಗಾಣುವನ್ನು ರಾಬರ್ಟ್ ಕಾಖ್ 1882ರಲ್ಲಿಯೇ ಗುರುತಿಸಿದ್ದರು. ಆದರೆ ರೋಗಾಣು ಹೊಕ್ಕವರೆಲ್ಲ ರೋಗಿಗಳಾಗುವುದಿಲ್ಲ. ಆತಂಕ ಎದುರಾದಾಗ ಅಡ್ರಿನಲಿನ್ ಎದೆಬಡಿತವನ್ನು ಏರಿಸುತ್ತದೆ. ಕಾರ್ಟಿಸಾಲ್ ರಕ್ತದ ಸಕ್ಕರೆಯನ್ನು ಹೆಚ್ಚಿಸಿ ತುರ್ತುಶಕ್ತಿ ಒದಗಿಸುತ್ತದೆ. ಕ್ಷಣಿಕವಾದರೆ ಇದು ರಕ್ಷಣೆ. ವರ್ಷಗಟ್ಟಲೆ ಮುಂದುವರಿದರೆ ನಿದ್ರೆ ಕೆಡುತ್ತದೆ, ಮನಸ್ಸು ಬಳಲುತ್ತದೆ, ರೋಗನಿರೋಧಕ ಶಕ್ತಿ ಕುಂದುತ್ತದೆ. ಅಪೌಷ್ಟಿಕತೆಯೂ ಜತೆಗೂಡಿದರೆ ಸುಪ್ತ ರೋಗಾಣುವಿಗೆ ಬಾಗಿಲು ತೆರೆದಂತೆಯೇ.

ಮುದ್ದಣನ ಸಾವಿಗೆ ಚಿಂತೆಯೊಂದೇ ಕಾರಣವೆನ್ನುವುದು ಸರಿಯಲ್ಲ. ಆದರೆ ಕ್ಷಯವು ಬಡತನದ ನೆರಳಿನಲ್ಲೇ ಬೆಳೆಯುವ ರೋಗವೆಂಬುದು ನಿರ್ವಿವಾದ. ಮುಂಡಾಜೆಯಂತಹ ಗ್ರಾಮಗಳಿಂದ ಬೆಂಗಳೂರಿನವರೆಗೆ, ನಾಳಿನ ನೌಕರಿಯ ಖಾತರಿಯಿಲ್ಲದೆ ಪಾಠ ಹೇಳುವ ತಾತ್ಕಾಲಿಕ ಶಿಕ್ಷಕರು ಇಂದಿಗೂ ಇದ್ದಾರೆ. ಅವರಿಗೆ ಯೋಗ, ಧ್ಯಾನಗಳ ಉಪದೇಶಕ್ಕಿಂತ ಮೊದಲು ಸಲ್ಲಬೇಕಾದುದು ಸಕಾಲಕ್ಕೆ ಕೈಸೇರುವ ಸಂಬಳ. ಮುದ್ದಣನಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವವೂ ಅದೇ.