ಪಾಲ್ವಣಕರ ಬಾಳೂ

ಈಗ ಕ್ರಿಕೆಟ್ ಆಟಗಾರರನ್ನು ಹರಾಜಿನಲ್ಲಿ ಕೋಟಿಗಟ್ಟಲೆ ಹಣಕ್ಕೆ ಕೊಳ್ಳುವ ಕ್ರಮವಿದೆ. ಆದರೆ ಒಂದು ಕಾಲಕ್ಕೆ ಮುಂಬಯಿಯ ಪಂದ್ಯಗಳಲ್ಲಿ ಆಟಗಾರನು ಯಾವ ತಂಡಕ್ಕೆ ಸಲ್ಲತಕ್ಕವನೆಂಬುದನ್ನು ಅವನ ಮತವೇ ನಿರ್ಣಯಿಸುತ್ತಿದ್ದಿತು. ಮೊದಲು ಯುರೋಪಿಯನ್ನರು, ಪಾರ್ಸಿಗಳು, ಹಿಂದೂಗಳು. 1912 ರಿಂದ ಮುಸಲ್ಮಾನರು. ಭಾರತೀಯ ಕ್ರೈಸ್ತರಿಗೆ 1937 ರವರೆಗೆ ಸೇರಲು ತಂಡವೇ ಇರಲಿಲ್ಲ!

ಇದು ಬಹಿರಂಗವಾದ ನಿಯಮ. ಬರೆದಿಡದ ನಿಯಮವೊಂದನ್ನು ಅನುಭವಿಸಿದವರು ಪಾಲ್ವಣಕರ ಬಾಳೂ ಅವರು. 1876 ರಲ್ಲಿ ನಮ್ಮ ಧಾರವಾಡದಲ್ಲಿ ಜನಿಸಿದ ಇವರು, ಅಂದು ಅಸ್ಪೃಶ್ಯವೆಂದು ಎಣಿಸಲಾಗುತ್ತಿದ್ದ ಚರ್ಮಕಾರ ಕುಲದವರು. ಪುಣೆಯಲ್ಲಿ ಪಾರ್ಸಿಗಳ ಕ್ಲಬ್ಬೊಂದರ ಮೈದಾನವನ್ನು ತಿಂಗಳಿಗೆ 3 ರೂಪಾಯಿಯ ಸಂಬಳಕ್ಕೆ ನೋಡಿಕೊಳ್ಳುತ್ತಿದ್ದರು. ಬಳಿಕ ಯುರೋಪಿಯನ್ನರ ಕ್ಲಬ್ಬನ್ನು ಸೇರಿ, ಗ್ರೆಗ್ ಎಂಬ ಆಂಗ್ಲ ದಾಂಡಿಗನಿಗೆ ಗಂಟೆಗಟ್ಟಲೆ ಚೆಂಡೆಸೆದು ತಮ್ಮ ಎಡಗೈಯನ್ನು ಪಳಗಿಸಿದರು. ಬ್ಯಾಟು ಹಿಡಿಯುವ ಅವಕಾಶ ಮಾತ್ರ ಅಲ್ಲಿರಲಿಲ್ಲ.

ಯುರೋಪಿಯನ್ನರನ್ನು ಸೋಲಿಸಬೇಕಾದಾಗ ಪುಣೆಯ ಹಿಂದೂ ತಂಡವು ಇವರನ್ನು ಕರೆದುಕೊಂಡಿತು. ಬಾಳೂ ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಚಹಾ ಮಾತ್ರ ಅವರಿಗೆ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ಮೈದಾನದಲ್ಲಿ ಹಿಂದೂ, ಪಂಕ್ತಿಯಲ್ಲಿ ಅಲ್ಲ! ಇದು ಯಾವ ಶಾಸ್ತ್ರವೋ ನಾವರಿಯೆವು.

1906 ರಲ್ಲಿ ಹಿಂದೂ ತಂಡವು ಮುಂಬಯಿಯಲ್ಲಿ ಯುರೋಪಿಯನ್ನರನ್ನು 109 ಓಟಗಳಿಂದ ಸೋಲಿಸಿದುದರಲ್ಲಿ ಬಾಳೂ ಅವರ ಪಾಲು ದೊಡ್ಡದು. 1911 ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಮಿಕ್ಕು ವಿಕೆಟ್ಟುಗಳನ್ನು ಕಿತ್ತರು. ಆದರೂ ನಾಯಕ ಪದವಿಯು ಅವರಿಗೆ ದೊರೆಯಲಿಲ್ಲ. 1920 ರಲ್ಲಿ ಈ ಅನ್ಯಾಯವನ್ನು ಪ್ರತಿಭಟಿಸಿ ತಮ್ಮಂದಿರಾದ ವಿಠ್ಠಲ, ಶಿವರಾಮರು ತಂಡದಿಂದ ಹೊರಗುಳಿದರು. 1923 ರಲ್ಲಿ ವಿಠ್ಠಲರೇ ನಾಯಕರಾಗಿ ಯುರೋಪಿಯನ್ನರನ್ನು ಸೋಲಿಸಿದರು.

ಬಾಳೂ ಅವರು 1955 ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ಮತವಾರು ಪಂದ್ಯಗಳು 1946 ರಲ್ಲಿಯೇ ನಿಂತುಹೋಗಿದ್ದುವು.