ಪೊಲೀಸರಿಗೆ ಸುಳಿವು ಕೊಟ್ಟ ಪ್ರೇಕ್ಷಕ

1939ರ ಒಂದು ಕಾರ್ಟೂನ್. ದರೋಡೆಕೋರನೊಬ್ಬ ತನ್ನ ಗ್ಯಾಂಗಿಗೆ ಮುಂದಿನ ಕಳ್ಳತನದ ಪ್ಲ್ಯಾನ್ ವಿವರಿಸುತ್ತಿದ್ದಾನೆ. ಅಷ್ಟರಲ್ಲಿ ಥಿಯೇಟರಿನಲ್ಲಿ ಕೂತಿದ್ದ ಪ್ರೇಕ್ಷಕನೊಬ್ಬನ ಕಪ್ಪು ನೆರಳು ಎದ್ದು ನಿಲ್ಲುತ್ತದೆ. ಪೊಲೀಸರಿಗೆ ಹೇಳೋಕೆ ಹೊರಟಿದ್ದೀಯಾ ಅಂತ ಪರದೆ ಮೇಲಿನ ಕಳ್ಳ ಅವನನ್ನು ಗದರಿಸಿ ಕೂರಿಸುತ್ತಾನೆ. ಪೊಲೀಸ್ ಅಧಿಕಾರಿ ಪರದೆಗೆ ಬಂದದ್ದೇ ತಡ, ಪ್ರೇಕ್ಷಕ ಎದ್ದು ಎಲ್ಲವನ್ನೂ ಒಪ್ಪಿಸಿಬಿಡುತ್ತಾನೆ. ಆತ ಆ ಚಿತ್ರವನ್ನು ಆಗಲೇ ಎರಡು ಸಲ ನೋಡಿದ್ದನಂತೆ!

ಚಿತ್ರದ ಹೆಸರು ‘ಥಗ್ಸ್ ವಿತ್ ಡರ್ಟಿ ಮಗ್ಸ್’. ನಿರ್ದೇಶಕ ಟೆಕ್ಸ್ ಏವರಿ.

ಪೂರ್ಣ ಹೆಸರು ಫ್ರೆಡರಿಕ್ ಬೀನ್ ಏವರಿ. ಹುಟ್ಟಿದ್ದು 1908ರಲ್ಲಿ, ಟೆಕ್ಸಾಸ್‌ನ ಟೇಲರ್ ಎಂಬ ಊರಲ್ಲಿ. ಕೆಲಸ ಹುಡುಕಿಕೊಂಡು ಕ್ಯಾಲಿಫೋರ್ನಿಯಾ ಸೇರಿದ. ವಾಲ್ಟರ್ ಲ್ಯಾಂಟ್ಜ್ ಸ್ಟುಡಿಯೋದಲ್ಲಿದ್ದಾಗ ಸಹೋದ್ಯೋಗಿಗಳ ತುಂಟಾಟಕ್ಕೆ ಹಾರಿಬಂದ ಪೇಪರ್ ಕ್ಲಿಪ್ ಎಡಗಣ್ಣಿನ ದೃಷ್ಟಿಯನ್ನೇ ಕಸಿಯಿತು. 1935ರಲ್ಲಿ, ವಾರ್ನರ್ ಬ್ರದರ್ಸ್‌ಗೆ ಕಾರ್ಟೂನ್ ಮಾಡಿಕೊಡುತ್ತಿದ್ದ ನಿರ್ಮಾಪಕ ಲಿಯೋನ್ ಶ್ಲೆಸಿಂಗರ್ ಬಳಿ ಸೇರಿದ. ಅವನ ತಂಡಕ್ಕೆ ಸಿಕ್ಕಿದ್ದು ಗೆದ್ದಲು ಹತ್ತಿದ ಮರದ ಕಟ್ಟಡ. ಅದಕ್ಕೆ ಅವರೇ ‘ಟರ್ಮೈಟ್ ಟೆರೇಸ್’ ಅಂತ ಹೆಸರಿಟ್ಟುಕೊಂಡರು.

ಈಗ ಆ ಕಾರ್ಟೂನಿನ ಗುರಿ ಯಾರು ನೋಡಿ. 1931ರ ‘ಲಿಟಲ್ ಸೀಸರ್’ನಿಂದ 1938ರ ‘ಏಂಜಲ್ಸ್ ವಿತ್ ಡರ್ಟಿ ಫೇಸಸ್’ವರೆಗೆ ಗ್ಯಾಂಗ್‌ಸ್ಟರ್ ಚಿತ್ರಗಳಿಗೆ ಹೆಸರಾಗಿದ್ದ ಕಂಪನಿಯೇ ವಾರ್ನರ್. ಅಪರಾಧವನ್ನು ರೋಚಕವಾಗಿ ತೋರಿಸು, ಕೊನೆಗೆ ಅಪರಾಧಿಗೆ ಶಿಕ್ಷೆ ಕೊಟ್ಟು ಮುಗಿಸು. 1934ರಿಂದ ಬಿಗಿಯಾದ ಸೆನ್ಸಾರ್ ನಿಯಮಕ್ಕೂ ಅದೇ ಬೇಕಿತ್ತು. ಏವರಿ ಗೇಲಿ ಮಾಡಿದ್ದು ಈ ಸೂತ್ರವನ್ನೇ. ಅವನ ಕಳ್ಳ ಬ್ಯಾಂಕುಗಳನ್ನು ನಂಬರ್ ಪ್ರಕಾರ ದೋಚುತ್ತಾನೆ, ಅಪಶಕುನ ಅಂತ 13 ಬಿಡುತ್ತಾನೆ. ಕೊನೆಗೆ ಅವನಿಗೆ ಸಿಗುವ ಘೋರ ಶಿಕ್ಷೆ, ಶಾಲಾ ಹುಡುಗನ ಹಾಗೆ ಕಪ್ಪುಹಲಗೆ ಮೇಲೆ ತಪ್ಪೊಪ್ಪಿಗೆ ಬರೆಯುವುದು!

ಕತೆಯ ದಾರಿ ಬದಲಿಸುವ ಹಕ್ಕನ್ನು ಪ್ರೇಕ್ಷಕನಿಗೆ ಕೊಟ್ಟವನಿಗೆ ತನ್ನದೇ ಸ್ಟುಡಿಯೋದಲ್ಲಿ ಆ ಹಕ್ಕಿರಲಿಲ್ಲ. 1940ರ ‘ಎ ವೈಲ್ಡ್ ಹೇರ್’ನಲ್ಲಿ ಬಗ್ಸ್ ಬನಿಗೆ ಇಂದಿಗೂ ಉಳಿದಿರುವ ಸ್ವಭಾವ ಕೊಟ್ಟವನು ಏವರಿ. ಮರುವರ್ಷ ‘ದ ಹೆಕ್ಲಿಂಗ್ ಹೇರ್’ ಚಿತ್ರದ ಅಂತ್ಯಕ್ಕೆ ಕತ್ತರಿ ಬಿತ್ತು. ಶ್ಲೆಸಿಂಗರ್ ಜೊತೆ ಜಗಳವಾಯಿತು, ಏವರಿ ಸಸ್ಪೆಂಡ್ ಆದ, ವಾಪಸ್ ಬರಲಿಲ್ಲ. ಮೊಲ ಮಾತ್ರ ಕಂಪನಿಯಲ್ಲೇ ಉಳಿಯಿತು.

ಎಂಜಿಎಂನಲ್ಲಿ ಡ್ರೂಪಿ ಎಂಬ ಜೋಲುಮುಖದ ನಾಯಿಯನ್ನು ಸೃಷ್ಟಿಸಿದ, ‘ರೆಡ್ ಹಾಟ್ ರೈಡಿಂಗ್ ಹುಡ್’ ಮಾಡಿದ. ಹಾಗಂತ ಅವನ ನಗು ಸದಾ ಬಲಿಷ್ಠರ ಮೇಲೇ ಇತ್ತು ಅನ್ನುವಂತಿಲ್ಲ. 1941ರ ‘ಆಲ್ ದಿಸ್ ಆ್ಯಂಡ್ ರ‍್ಯಾಬಿಟ್ ಸ್ಟ್ಯೂ’ ಕಪ್ಪು ಜನರನ್ನು ಹೀನಾಯವಾಗಿ ಚಿತ್ರಿಸಿತ್ತು. 1968ರಲ್ಲಿ ಟಿವಿ ಪ್ರಸಾರದಿಂದ ಹಿಂತೆಗೆದ 11 ಕಾರ್ಟೂನುಗಳಲ್ಲಿ ಅದೂ ಒಂದು. ಸೂತ್ರಗಳನ್ನು ಒಡೆಯುತ್ತಿದ್ದವನು ಕಾಲದ ಅತಿ ಕೊಳಕು ಸೂತ್ರವನ್ನು ಮಾತ್ರ ಪ್ರಶ್ನಿಸದೆ ಬಳಸಿದ.

ಮುಂದೆ ಹೊಟ್ಟೆಪಾಡಿಗೆ ಕೀಟನಾಶಕದ ಜಾಹೀರಾತುಗಳನ್ನೂ ಮಾಡಿದ. 1980ರ ಆಗಸ್ಟ್ 26ರಂದು ತೀರಿಕೊಂಡಾಗ ಹನ್ನಾ-ಬಾರ್ಬೆರಾ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ.

ಕಂಪನಿಗಳಿಗೆ ತಮ್ಮನ್ನೇ ಗೇಲಿ ಮಾಡುವ ಜೋಕು ಬೇಕು, ಅದೂ ಮಾರಾಟವಾಗುತ್ತದೆ. ಜೋಕು ಮಾಡಿದವನು ಅಂತ್ಯವನ್ನೂ ತಾನೇ ನಿರ್ಧರಿಸುತ್ತೇನೆ ಎಂದಾಗಲೇ ತಕರಾರು ಶುರು.